ಮೂವತ್ನಾಲ್ಕರ ಪ್ಯಾಂಟು

"ನಲವತ್ತೊಂದು! ನಲವತ್ತೊಂದು ಇಂಚಂತೆ ನನ್ನ ಹೊಟ್ಟೆ! ಹೇಳೋ ಬಾಯಿಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವೇನೇ?"

ತಕ್ಕಡಿ ಸಾಹೇಬರು ಮನೆಯೊಳಗೆ ಕಾಲಿಟ್ಟದ್ದೇ ಈ ಆರ್ಭಟದೊಂದಿಗೆ. ಒಂದು ಬೂಟು ಬಾಗಿಲಾಚೆ ಹಾರಿತು, ಇನ್ನೊಂದು ಕಾಲಲ್ಲೇ ಉಳಿಯಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ, ಹಲ್ಲಲ್ಲಿ ಕಚ್ಚಿದ್ದ ದಾರವನ್ನು ಬಿಡದೆಯೇ, "ಯಾರ್ರೀ ಹಾಗಂದಿದ್ದು?" ಎಂದು ಕೇಳಿದಳು.

"ಇನ್ಯಾರು? ಆ ಶಿಳ್ಳೆ ಮೇಡಂ! ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ. ನನಗೆ, ನನಗೆ ಅಳತೆ ಹೇಳಿಕೊಡೋಕೆ ಬಂದಿದಾಳೆ!"

ಸಾಹೇಬರ ಸಿಟ್ಟು ಸುಮ್ಮನೆ ಬಂದದ್ದಲ್ಲ ಮಾರಾಯ್ರೇ. ಅವರು ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಇನ್‌ಸ್ಪೆಕ್ಟರು. ಅವರ ಜೀಪು ಮಾರುಕಟ್ಟೆಯ ಬೀದಿಗೆ ತಿರುಗಿತೆಂದರೆ ಅಂಗಡಿಯವರ ಎದೆಯೂ ತಕ್ಕಡಿಯೂ ಒಟ್ಟಿಗೇ ಅಲ್ಲಾಡುತ್ತಿದ್ದವು. ಹಾಲು ಅಳೆಯುವ ಪಾತ್ರೆಯ ತಳ ನೆಗ್ಗಿದೆಯೋ ಇಲ್ಲವೋ ಎಂಬುದನ್ನು ಬೆರಳಲ್ಲಿ ಒಮ್ಮೆ ಬಡಿದು ಸದ್ದಿನಲ್ಲೇ ಹೇಳುತ್ತಿದ್ದರು. "ಚೀಟಿ ನಂಬಬೇಡಿ, ವಸ್ತು ಅಳೀರಿ" ಎಂಬುದು ಅವರು ಕಿರಿಯ ನೌಕರರಿಗೆ ಬೋಧಿಸುತ್ತಿದ್ದ ಏಕಮಾತ್ರ ಮಹಾಮಂತ್ರ. (ಈ ಮಂತ್ರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಸಾಹೇಬರು ಮರೆತರು, ನೀವಾದರೂ ಮರೆಯಬೇಡಿ.)

ಇಂಥ ಸಾಹೇಬರ ಸೊಂಟ ಎಷ್ಟು? ಮೂವತ್ನಾಲ್ಕು. ಮದುವೆಯ ಸೂಟು ಹೊಲಿಸಿದಾಗ ಮೂವತ್ನಾಲ್ಕು, ಇಪ್ಪತ್ತೆರಡು ವರ್ಷದ ನಂತರ ಇವತ್ತಿಗೂ ಮೂವತ್ನಾಲ್ಕು. ಅನುಮಾನವಿದ್ದವರು ಅವರ ಯಾವ ಪ್ಯಾಂಟನ್ನಾದರೂ ತಿರುಗಿಸಿ ನೋಡಬಹುದಿತ್ತು. ಎಲ್ಲವೂ ಮನೆಯಲ್ಲೇ, ಹೆಂಡತಿಯ ಕೈಯಲ್ಲೇ ತಯಾರಾದವು. ಸೊಂಟದ ಪಟ್ಟಿಯ ಒಳಗೆ ಬೆರಳಗಲದ ಬಿಳೀ ಚೀಟಿ, ಅದರ ಮೇಲೆ ಕೆಂಪು ದಾರದಲ್ಲಿ ಕಸೂತಿ ಹಾಕಿದ ಹಾಗೆ "೩೪". ಎಷ್ಟೋ ಪ್ಯಾಂಟು ಸವೆದವು, ಹರಿದವು, ನೆಲ ಒರೆಸುವ ಬಟ್ಟೆಯಾಗಿ ಗತಿ ಕಂಡವು. ಚೀಟಿಯ ಅಂಕಿ ಮಾತ್ರ ಬದಲಾಗಲಿಲ್ಲ. ಸಾಹೇಬರು ಬೆಲ್ಟು ಕೂಡ ಹಾಕುತ್ತಿರಲಿಲ್ಲ. ಬೆಲ್ಟು ಬೇಕಾಗುವುದು ಅಳತೆ ಗೊತ್ತಿಲ್ಲದವರಿಗೆ ಎಂಬುದು ಅವರ ಸಿದ್ಧಾಂತ.

ಸಹೋದ್ಯೋಗಿಗಳ ಹೊಟ್ಟೆಗಳು ಒಂದೊಂದಾಗಿ ಮುಂದೆ ಬಂದಾಗಲೆಲ್ಲ ಸಾಹೇಬರು ಊಟದ ಬಿಡುವಿನಲ್ಲಿ ಉಪದೇಶ ಮಾಡುತ್ತಿದ್ದರು. "ನೋಡ್ರಪ್ಪಾ, ಎಲ್ಲಾ ಮನಸ್ಸಿನಲ್ಲಿದೆ. ನಂದು ಮೂವತ್ನಾಲ್ಕು. ಒಂದು ದಾರದಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ." ಕೇಳುವವರು ಅವರ ಹೊಟ್ಟೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿಯುತ್ತಿದ್ದರು. ಹಿರಿಯ ಅಧಿಕಾರಿ, ಪಾಪ, ಏನು ಹೇಳುವುದು.

ಇಷ್ಟಕ್ಕೂ ಈ ಅಳತೆಯ ಗ್ರಹಚಾರ ಶುರುವಾದದ್ದು ಒಬ್ಬ ಕಳ್ಳ ವ್ಯಾಪಾರಿಯಿಂದ. ಟೊಳ್ಳು ತೂಕದ ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಆತ ಓಡಿದ, ಸಾಹೇಬರ ತಪಾಸಣಾ ದಳ ಹಿಂದೆ ಓಡಿತು. ಮೂರನೇ ತಿರುವಿನಲ್ಲಿ ದಳದ ನಾಲ್ವರೂ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಕಳ್ಳ ತಿರುಗಿ ನಿಂತು, "ಸಾರ್, ಆರಾಮಾ?" ಎಂದು ವಿಚಾರಿಸಿಕೊಂಡು ಹೋದನಂತೆ! ಸುದ್ದಿ ಉಪ್ಪು ಖಾರ ಹಚ್ಚಿಕೊಂಡು ದೊಡ್ಡ ಸಾಹೇಬರ ಕಿವಿ ಮುಟ್ಟಿತು. ಈ ದೊಡ್ಡ ಸಾಹೇಬರು ಇಲಾಖೆಯ ಮುಖ್ಯಸ್ಥರು, ಒಣಕಲು ಮನುಷ್ಯ, ನಕ್ಕರೆ ಸಂಬಳ ಕಡಿತವಾಗುತ್ತದೆ ಎಂಬಂತೆ ಇರುವವರು. ಮರುವಾರವೇ ಆದೇಶ ಹೊರಬಿತ್ತು. ದಳದವರಿಗೆಲ್ಲ ಹನ್ನೆರಡು ವಾರ ಕಡ್ಡಾಯ ವ್ಯಾಯಾಮ. ಕೊನೆಯಲ್ಲಿ ಮೈಯ ಕೊಬ್ಬು ನೂರಕ್ಕೆ ಇಪ್ಪತ್ತಾರು ಪಾಲಿಗಿಂತ ಕೆಳಗೆ ಬಂದಿದ್ದರೆ ಜೀಪು. ಬರದಿದ್ದರೆ ಗೋದಾಮು.

ಗೋದಾಮು! ಆ ಹೆಸರು ಕೇಳಿದರೇ ಸಾಹೇಬರು ಮಾತು ಬದಲಿಸುತ್ತಿದ್ದರು. ಕಚೇರಿಯ ಹಿಂಭಾಗದಲ್ಲಿ ಜಪ್ತಿ ಮಾಡಿದ ಮೋಸದ ತಕ್ಕಡಿ, ಟೊಳ್ಳು ಕಲ್ಲು, ತಳ ನೆಗ್ಗಿದ ಪಾತ್ರೆಗಳನ್ನು ತುಂಬಿಸಿಟ್ಟ ಕಿಟಕಿಯಿಲ್ಲದ ಕೋಣೆ. ಅಲ್ಲಿ ಒಂದು ಮೇಜು, ಒಂದು ರಿಜಿಸ್ಟರು, ಒಂದು ಕುಂಟು ಕುರ್ಚಿ. ಬೀದಿಯಲ್ಲಿ ಹುಲಿಯ ಹಾಗೆ ತಿರುಗಿದ ಮನುಷ್ಯನನ್ನು ಅಲ್ಲಿ ಕೂರಿಸಿದರೆ ಉಳಿಯುವುದು ಏನು ಹೇಳಿ?

ವ್ಯಾಯಾಮ ಹೇಳಿಕೊಡಲು ಬಂದವಳೇ ಶಿಳ್ಳೆ ಮೇಡಂ. ಹಿಂದೆ ಭಾರ ಎತ್ತುವ ಪಂದ್ಯಗಳಲ್ಲಿ ಗೆದ್ದವಳು. ಕೊರಳಲ್ಲಿ ಸದಾ ಒಂದು ಶಿಳ್ಳೆ, ಜೇಬಿನಲ್ಲಿ ಒಂದು ಟೇಪು. ಮೊದಲ ದಿನ ಕಚೇರಿಯ ಹಾಲ್‌ನಲ್ಲಿ ತೂಕದ ಯಂತ್ರ ಇಟ್ಟು, "ಹತ್ತಿ ಸಾರ್" ಎಂದಳು. ಸಾಹೇಬರು ಬಗ್ಗಿ ಯಂತ್ರದ ಮಗ್ಗುಲು ನೋಡಿ, "ಇದರ ತಪಾಸಣೆ ಮುದ್ರೆಯ ಅವಧಿ ಮುಗಿದು ನಾಲ್ಕು ತಿಂಗಳಾಗಿದೆ. ನಾನು ಹತ್ತಲ್ಲ" ಎಂದು ಹಿಂದೆ ಸರಿದರು.

"ಪರವಾಗಿಲ್ಲ ಬಿಡಿ ಸಾರ್. ತೂಕದಲ್ಲಿ ಮೂಳೆ, ಮಾಂಸ, ನೀರು, ಕೊಬ್ಬು ಎಲ್ಲಾ ಸೇರಿರುತ್ತೆ. ಕೊಬ್ಬು ಎಷ್ಟು ಅಂತ ಅಂದಾಜು ಸಿಗೋದು ಟೇಪಲ್ಲೇ" ಎಂದು ಆಕೆ ಅವರ ಕತ್ತಿಗೊಮ್ಮೆ, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಗೊಮ್ಮೆ ಟೇಪು ಸುತ್ತಿದಳು. "ಉಸಿರು ಬಿಡಿ ಸಾರ್. ಇನ್ನೂ ಬಿಡಿ. ಸಾರ್, ಹಿಡ್ಕೊಂಡಿದೀರಿ, ಬಿಡಿ!"

ಸಾಹೇಬರು ಬಿಟ್ಟರು. ಎಷ್ಟು ವರ್ಷದಿಂದ ಹಿಡಿದಿಟ್ಟಿದ್ದ ಉಸಿರೋ ಏನೋ, ಬುಸ್ಸೆಂದು ಬಂತು.

"ಹೊಟ್ಟೆ ನಲವತ್ತೊಂದು. ಕತ್ತು ಹದಿನೈದೂವರೆ" ಎಂದು ಆಕೆ ಹೊಟ್ಟೆಯ ಅಳತೆಯಲ್ಲಿ ಕತ್ತಿನ ಅಳತೆಯನ್ನು ಕಳೆದು, ಎತ್ತರದ ಜೊತೆ ಪಟ್ಟಿಯಲ್ಲಿ ತಾಳೆ ನೋಡಿ, "ನೂರಕ್ಕೆ ಮೂವತ್ತು ಪಾಲು ಕೊಬ್ಬು" ಎಂದು ಎಲ್ಲರ ಮುಂದೆ ಓದಿದಳು.

ಮೂವತ್ತು ಪಾಲು! ಅಂದರೆ ಸಾಹೇಬರ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಸಾಹೇಬರೇ ಅಲ್ಲ ಎಂದಾಯಿತು. ಅವರಿಗೆ ಮೈಯೆಲ್ಲ ಉರಿಯಿತು. ಅಲ್ಲೇ, ನಿಂತ ನಿಲುವಿನಲ್ಲೇ, ತಮ್ಮ ಅಧಿಕಾರ ಚಲಾಯಿಸಿ ಆ ಟೇಪನ್ನು ಜಪ್ತಿ ಮಾಡಿದರು! ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮೇಲ್ಮಹಡಿಗೆ ಒಯ್ದರು. ಅಲ್ಲಿ ಗಾಜಿನ ಕಪಾಟಿನಲ್ಲಿ ಇಲಾಖೆಯ ಹಿತ್ತಾಳೆಯ ಪ್ರಮಾಣ ಮಾಪಕವಿದೆ. ಊರಿನ ಅಳತೆಗೋಲುಗಳಿಗೆಲ್ಲ ಅದೇ ತಾಯಿ. ಟೇಪನ್ನು ಅದರ ಪಕ್ಕದಲ್ಲಿ ಮಲಗಿಸಿ, ಭೂತಗನ್ನಡಿ ಹಿಡಿದು ಮುಕ್ಕಾಲು ಗಂಟೆ ನೋಡಿದರು.

ಟೇಪು ಸರಿಯಾಗಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ಅವರನ್ನು ಇನ್ನಷ್ಟು ಕೆರಳಿಸಿತು.

"ಟೇಪು ಸರಿ, ಆದ್ರೆ ಅಳೆಯೋ ಕ್ರಮ ಸರಿಯಿಲ್ಲ ಕಣೇ" ಎಂದು ಈಗ ಹೆಂಡತಿಗೆ ವಿವರಿಸುತ್ತಿದ್ದರು. "ಉಸಿರು ಬಿಡಿಸ್ತಾಳೆ. ಉಸಿರು ಬಿಟ್ರೆ ಯಾರಿಗೆ ತಾನೇ ಹೊಟ್ಟೆ ಬರಲ್ಲ? ಇಲ್ನೋಡು!" ಎಂದು ಪ್ಯಾಂಟಿನ ಪಟ್ಟಿಯನ್ನು ಹೊರಕ್ಕೆ ಮಗುಚಿ ತೋರಿಸಿದರು. "ಇದನ್ನ ನಾನು ಹೊಕ್ಕುಳ ಮೇಲೇ ಹಾಕ್ಕೊಳ್ಳೋದು. ಅವಳು ಅಳೆದಿದ್ದೂ ಅಲ್ಲೇ. ಇಲ್ಲಿ ಮೂವತ್ನಾಲ್ಕು, ಅಲ್ಲಿ ನಲವತ್ತೊಂದು. ಏಳಿಂಚು ಎಲ್ಲಿಂದ ಬಂತು, ಆಕಾಶದಿಂದ ಉದುರಿತಾ?"

ಮೂಲೆಯಲ್ಲಿ ಓದುತ್ತಿದ್ದ ಕಾಲೇಜಿನ ಮಗಳು ತಲೆಯೆತ್ತಿ, "ಅಪ್ಪಾ, ಆ ಪ್ಯಾಂಟನ್ನೇ ಒಂದ್ಸಲ ಅಳೆದು ನೋಡಬಹುದಲ್ವಾ?" ಎಂದಳು.

ಠಣ್ಣೆಂದು ಗುಂಡುಸೂಜಿಯ ಡಬ್ಬಿ ಹೆಂಡತಿಯ ಕೈಯಿಂದ ಜಾರಿ ನೆಲದ ತುಂಬ ಸೂಜಿ ಚೆಲ್ಲಿತು.

"ನಿಮ್ಮಮ್ಮನ ಕೈಕೆಲಸಕ್ಕೆ ನಾನು ತಪಾಸಣೆ ಮಾಡ್ಬೇಕಾ?" ಸಾಹೇಬರ ದನಿ ತಾರಕಕ್ಕೇರಿತು. "ಊರೆಲ್ಲ ಮೋಸ ಮಾಡ್ಲಿ, ಈ ಮನೇಲಿ ಒಂದು ಚೀಟಿ ಇದೆ ಅಂದ್ರೆ ಅದು ಸತ್ಯ. ನಾನೇನು ಮನುಷ್ಯನೋ ರಾಕ್ಷಸನೋ!"

ಹೆಂಡತಿ ಬಗ್ಗಿ ಒಂದೊಂದೇ ಸೂಜಿ ಹೆಕ್ಕುತ್ತಿದ್ದಳು. ಆ ಕೆಲಸಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು.

ಇದಾದ ಮೇಲೆ ಹನ್ನೆರಡು ವಾರ ಆ ಮನೆಯವರು ಪಟ್ಟ ಪಾಡು ಯಾರಿಗೂ ಬೇಡ. ಕ್ರಮ ತಪ್ಪು, ಪಟ್ಟಿ ತಪ್ಪು ಎಂದು ಬೈಯುತ್ತಲೇ ಸಾಹೇಬರು ವ್ಯಾಯಾಮಕ್ಕೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಗೋದಾಮಿನ ಭಯ ಅಂಥದ್ದು. ಬೆಳಗ್ಗೆ ಮೇಡಂ ಶಿಳ್ಳೆ ಊದಿದಂತೆಲ್ಲ ಕಚೇರಿಯ ಅಂಗಳದಲ್ಲಿ ಓಡು, ಬಗ್ಗು, ಏಳು, ಕೂರು. ಸಂಜೆ ಮನೆಯ ತಾರಸಿಯ ಮೇಲೆ ಮತ್ತೊಂದು ಸುತ್ತು. ಎತ್ತಲು ಭಾರ ಬೇಕಲ್ಲ? ಕಚೇರಿಯ ತೂಕದ ಕಲ್ಲು ಮನೆಗೆ ತರುವಷ್ಟು ಲಜ್ಜೆಗೆಟ್ಟವರಲ್ಲ ಸಾಹೇಬರು. ಹೆಂಡತಿಯ ಹಳೆಯ ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನೇ ಎತ್ತಿ ಇಳಿಸತೊಡಗಿದರು. ಹೊಲಿಗೆಯ ಗಿರಾಕಿಗಳು ಬಟ್ಟೆ ಕೇಳಿಕೊಂಡು ಬಂದರೆ ಅವಳು ತಾರಸಿಯತ್ತ ಕೈ ತೋರಿಸಿ, "ಇಸ್ತ್ರಿ ಮೇಲೆ ಕೆಳಗೆ ಹೋಗ್ತಾ ಇದೆ, ಕೂತ್ಕೊಳ್ಳಿ" ಎನ್ನುತ್ತಿದ್ದಳು.

ಮೇಡಂನ ಕೊಬ್ಬಿನ ಪಟ್ಟಿಯನ್ನು ಹಿಂದೆ ಮುಂದೆ ಓದಿದ ಸಾಹೇಬರಿಗೆ ಒಂದು ಗುಟ್ಟೂ ಹೊಳೆಯಿತು. ಹೊಟ್ಟೆಯಲ್ಲಿ ಕತ್ತನ್ನು ಕಳೆಯುವುದಾದರೆ, ಕತ್ತು ದಪ್ಪವಾದಷ್ಟೂ ಕೊಬ್ಬು ಕಡಿಮೆ! ಒಂದು ವಾರ ಕತ್ತನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ, ಗೋಡೆಗೆ ಹಣೆ ಒತ್ತಿ ಕಸರತ್ತು ಮಾಡಿದರು. ಫಲವಾಗಿ ಕತ್ತು ಎಡಕ್ಕೆ ತಿರುಗಿದ್ದು ಹಾಗೇ ನಿಂತುಬಿಟ್ಟಿತು. ಮೂರು ದಿನ ಹೆಂಡತಿಯ ಜೊತೆ ಕಿಟಕಿ ನೋಡಿಕೊಂಡು ಜಗಳವಾಡಿದರು.

ಊಟದ ತಟ್ಟೆಯ ಪಕ್ಕಕ್ಕೊಂದು ಸಣ್ಣ ತಕ್ಕಡಿ ಬಂತು. ಬಡಿಸಿದ್ದನ್ನೆಲ್ಲ ತೂಗಿ ತಿನ್ನತೊಡಗಿದರು. ಎರಡನೇ ಸಲ ಬಡಿಸಿಕೊಳ್ಳುವುದು ನಿಂತಿತು, ಚಹಾಕ್ಕೆ ಸಕ್ಕರೆ ನಿಂತಿತು. ಕೊನೆಗೆ ಮಗಳು ಅವರ ಎದುರು ಕೂತು ಊಟ ಮಾಡುವುದೂ ನಿಂತಿತು. ಅವಳ ತಟ್ಟೆಗೂ ಅವರು ಕೈ ಹಾಕಿ ತೂಗುತ್ತಿದ್ದರು.

ಒಂದು ಮಾತ್ರ ಬದಲಾಗಲಿಲ್ಲ. ಅದು ಮದುವೆಯಾದ ಮೂರನೇ ವರ್ಷದಿಂದ ನಡೆದುಬಂದ ಪದ್ಧತಿ. ಪ್ರತಿದಿನ ಬೆಳಗ್ಗೆ ಸಾಹೇಬರು ಹೊರಡುವಾಗ ಹೆಂಡತಿ ಬಾಗಿಲ ಬಳಿ ಬಂದು, ಅಂಗಿಯ ಸುಕ್ಕು ಸರಿಪಡಿಸುವಂತೆ ಮಾಡಿ, ಅವರ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಒಮ್ಮೆ ಸುತ್ತ ಎಳೆದು, "ಹೂಂ, ಹೋಗ್ಬನ್ನಿ" ಎನ್ನುತ್ತಿದ್ದಳು. ಎಷ್ಟೇ ಜಗಳವಾಗಿದ್ದರೂ ಆ ಎರಡು ಬೆರಳು ತಪ್ಪುತ್ತಿರಲಿಲ್ಲ. ಇಷ್ಟು ವರ್ಷವಾದರೂ ತನ್ನ ಮೇಲೆ ಇವಳಿಗೆ ಎಂಥ ಅಕ್ಕರೆ ಎಂದು ಸಾಹೇಬರು ಒಳಗೊಳಗೇ ಬೀಗುತ್ತಿದ್ದರು.

ಆದರೆ ವಾರಗಳು ಉರುಳಿದಂತೆ ಅವರ ಹೊಟ್ಟೆಯೊಳಗೆ ಬೇರೊಂದು ಬೆಂಕಿ ಹೊತ್ತಿತು. ಎಂಟನೇ ವಾರದ ಒಂದು ಬೆಳಗ್ಗೆ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಕಿರುಚಿದರು.

"ನೋಡೇ ಇಲ್ಲಿ! ಎಂಟು ವಾರ! ಬೆವರು ಸುರಿಸಿ ಸುರಿಸಿ ಅಂಗಳ ತೊಳೆದಿದೀನಿ. ಒಂದು ದಾರದಷ್ಟಾದ್ರೂ ಸಡಿಲ ಆಗಿದ್ಯಾ? ಮೊದಲ ದಿನ ಹೇಗಿತ್ತೋ ಹಾಗೇ ಬಿಗಿ!"

"ಮೈಗೆ ಸರಿಯಾಗಿ ಕೂತಿದೆಯಲ್ಲ, ಒಳ್ಳೇದೇ ಅಲ್ವೇನ್ರೀ" ಎಂದಳು ಹೆಂಡತಿ, ಬೇರೆಲ್ಲೋ ನೋಡುತ್ತ.

"ಒಳ್ಳೇದಾ? ಆ ಶಿಳ್ಳೆ ಹೇಳ್ತಾಳೆ ನಲವತ್ತೊಂದು ಹೋಗಿ ಮೂವತ್ತೊಂಬತ್ತಾಯ್ತು ಅಂತ. ಎರಡಿಂಚು ಹೋಗಿದ್ರೆ ಪ್ಯಾಂಟು ಉದುರಿ ಬೀಳ್ಬೇಕಿತ್ತು! ಸುಳ್ಳು ಬೊಗಳ್ತಿದಾಳೆ ಕಣೇ. ಹೊಗಳಿ ಹೊಗಳಿ ಹೆಸರು ಮಾಡ್ಕೊಳ್ಳೋ ಹುನ್ನಾರ!"

ಹನ್ನೆರಡನೇ ವಾರ ಮುಗಿಯಿತು. ಹಾಲ್‌ನಲ್ಲಿ ಎಲ್ಲರೆದುರು ಮೇಡಂ ಟೇಪು ಸುತ್ತಿದಳು. "ಹೊಟ್ಟೆ ಮೂವತ್ತೆಂಟು. ಕತ್ತು ಹದಿನೈದೂವರೆ. ನೂರಕ್ಕೆ ಇಪ್ಪತ್ತೈದೂವರೆ ಚಿಲ್ಲರೆ. ಪಾಸ್ ಸಾರ್!" ಎಂದು ಶಿಳ್ಳೆ ಊದಿದಳು. ದಳದವರು ಚಪ್ಪಾಳೆ ತಟ್ಟಿದರು. ಜೀಪಿನ ಚಾಲಕ ಹೊರಗಿನಿಂದಲೇ ಹಾರನ್ ಬಾರಿಸಿದ.

ಬೇರೆ ಯಾರಾದರೂ ಆಗಿದ್ದರೆ ಎಲ್ಲರಿಗೂ ಚಹಾ ಕುಡಿಸಿ ಜೀಪು ಹತ್ತುತ್ತಿದ್ದರು. ಸಾಹೇಬರು ಹತ್ತಲಿಲ್ಲ. ಮುಖ ಊದಿಸಿಕೊಂಡು ನೇರ ಮನೆಗೆ ಬಂದು, ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತರು.

"ಏನ್ರೀ ಬರೀತಿದೀರಿ?"

"ಪ್ರತಿಭಟನೆ! ಸುಳ್ಳು ಅಳತೆಯಿಂದ ಬಂದ ಪಾಸು ನನಗೆ ಬೇಡ. ಇಪ್ಪತ್ನಾಲ್ಕು ವರ್ಷ ತಪ್ಪು ತೂಕ ನೋಡಿ ಕಣ್ಮುಚ್ಚಿದವನಲ್ಲ ನಾನು. ಈಗ ನನ್ನ ಲಾಭಕ್ಕಾಗಿ ಕಣ್ಮುಚ್ಚಲಾ?"

ಹೆಂಡತಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ನಿಮ್ಮ! ಪಾಸಾಗಿದೀರಿ, ಸುಮ್ನೆ ಜೀಪು ಹತ್ರೀ. ಗೋದಾಮಿಗೆ ಹಾಕ್ತಾರೆ ಅಂತ ಮೂರು ತಿಂಗಳಿಂದ ನೀವೇ ಗೋಳು ಹೊಯ್ಕೊಂಡಿಲ್ವಾ?"

"ಸತ್ಯದ ಮುಂದೆ ಗೋದಾಮು ಯಾವ ಲೆಕ್ಕ?"

"ರೀ, ಸ್ವಲ್ಪ ಇಲ್ಕೇಳಿ. ಆ ಪ್ಯಾಂಟಿನ ವಿಷಯ ಒಂದ್ಮಾತು ಹೇಳ್ಬೇಕು."

"ಪ್ಯಾಂಟಿನ ವಿಷಯವೇ ಬರೀತಿದೀನಿ! ಮಧ್ಯೆ ಬಾಯಿ ಹಾಕ್ಬೇಡ, ವಾಕ್ಯ ತಪ್ಪುತ್ತೆ" ಎಂದು ಸಾಹೇಬರು ಕೈಯೆತ್ತಿ ತಡೆದರು. ಅವಳು ಮತ್ತೆರಡು ಸಲ ಬಾಯಿ ತೆರೆದಳು, ಅವರು ಮತ್ತೆರಡು ಸಲ ಕೈಯೆತ್ತಿದರು. "ಹಾಳಾಗಿ ಹೋಗ್ಲಿ, ಬರ್ಕೊಳ್ಳಿ!" ಎಂದು ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಸೂಜಿಯ ಕೆಳಗೆ ಬಟ್ಟೆಯೇ ಇಡದೆ ನಾಲ್ಕು ಸುತ್ತು ತುಳಿದಳು.

ಪತ್ರ ಮೂರು ಪ್ರತಿಗಳಲ್ಲಿ ತಯಾರಾಯಿತು. "ಸದರಿ ಫಲಿತಾಂಶವನ್ನು ನಾನು ಸ್ವಇಚ್ಛೆಯಿಂದ, ಸ್ವಸ್ಥ ಚಿತ್ತದಿಂದ ತಿರಸ್ಕರಿಸುತ್ತೇನೆ. ದೀರ್ಘಕಾಲದಿಂದ ಮೂವತ್ನಾಲ್ಕು ಇಂಚು ಎಂದು ಸಿದ್ಧವಾಗಿರುವ ನನ್ನ ಪ್ಯಾಂಟನ್ನೇ ಪ್ರಮಾಣವೆಂದು ಪರಿಗಣಿಸಿ, ಸದರಿ ಟೇಪಿನ ಕ್ರಮವು ದೋಷಪೂರಿತವೆಂದು ಘೋಷಿಸಬೇಕಾಗಿ ವಿನಂತಿ."

ದೊಡ್ಡ ಸಾಹೇಬರು ಪತ್ರವನ್ನು ಎರಡು ಸಲ ಓದಿ, ಸಹಿ ಹಾಕಿ, ಮೇಲಿನ ಕಚೇರಿಗೆ ಒಂದು ಪ್ರತಿ ಕಳಿಸಿ, ಆಮೇಲೆ ಸಾಹೇಬರನ್ನು ಕರೆದರು. "ಪ್ರಮಾಣ ಅಂದ್ಮೇಲೆ ಪರೀಕ್ಷೆ ಆಗ್ಬೇಕಲ್ಲ. ಬಿಚ್ಚಿ."

"ಸಾರ್?"

"ಪ್ಯಾಂಟು ಬಿಚ್ಚಿ. ಮೇಲೆ ಹಿತ್ತಾಳೆ ಮಾಪಕಕ್ಕೆ ಹಿಡಿಯೋಣ."

ಅಪ್ಪಟ ಸತ್ಯಕ್ಕಾಗಿ ಸಾಹೇಬರು ಅದಕ್ಕೂ ಸಿದ್ಧರಾದರು. ಕಡತಗಳ ಕಪಾಟಿನ ಹಿಂದೆ ಟವೆಲು ಸುತ್ತಿಕೊಂಡು ನಿಂತು, ಕತ್ತು ಮಾತ್ರ ಹೊರಗೆ ಚಾಚಿ ನೋಡುತ್ತಿದ್ದರು. ಮೇಜಿನ ಸುತ್ತ ಇಡೀ ಇಲಾಖೆ ನೆರೆದಿತ್ತು. ಶಿಳ್ಳೆ ಮೇಡಂ ಸೊಂಟದ ಪಟ್ಟಿಯ ಒಂದು ತುದಿ ಹಿಡಿದಳು, ದೊಡ್ಡ ಸಾಹೇಬರು ಇನ್ನೊಂದು ತುದಿ. ಪಟ್ಟಿಯನ್ನು ಹಿತ್ತಾಳೆಯ ಮೇಲೆ ನೇರವಾಗಿ ಹಾಸಿದರು.

"ಅರ್ಧ ಪಟ್ಟಿ ಹತ್ತೊಂಬತ್ತು" ಎಂದರು ದೊಡ್ಡ ಸಾಹೇಬರು. "ಸುತ್ತಳತೆ ಮೂವತ್ತೆಂಟು."

ನೆರೆದವರ ಕಣ್ಣೆಲ್ಲ ಒಟ್ಟಿಗೇ ಕಪಾಟಿನತ್ತ ತಿರುಗಿತು.

"ಇನ್ನೊಮ್ಮೆ ಅಳೀರಿ ಸಾರ್!" ಎಂದು ಕಪಾಟಿನ ಹಿಂದಿನಿಂದ ಕೂಗು ಬಂತು. ಇನ್ನೊಮ್ಮೆ ಅಳೆದರು. ಮೂವತ್ತೆಂಟು. ಮತ್ತೊಮ್ಮೆ ಅಳೆದರು. ಹಿತ್ತಾಳೆ ತನ್ನ ಮಾತು ಬದಲಿಸಲಿಲ್ಲ. ದೊಡ್ಡ ಸಾಹೇಬರು ಪಟ್ಟಿಯನ್ನು ಮಗುಚಿ, ಕೆಂಪು ದಾರದ ಮೂವತ್ನಾಲ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಪಕ್ಕದಲ್ಲೇ ಬಿಚ್ಚಿ ಬಿಚ್ಚಿ ಹೊಲಿದ ತೂತುಗಳ ಸಾಲು, ಇರುವೆ ನಡೆದ ದಾರಿಯ ಹಾಗೆ.

"ಚೀಟಿ ನಂಬಬೇಡಿ, ವಸ್ತು ಅಳೀರಿ ಅಂತ ಹೇಳ್ತಿದ್ದೋರು ಯಾರಪ್ಪಾ?" ಎಂದು ಮೆಲ್ಲಗೆ ಕೇಳಿದರು. ನಕ್ಕರೋ ಇಲ್ಲವೋ ಯಾರಿಗೂ ಖಚಿತವಿಲ್ಲ. "ಮೇಡಂ ಟೇಪು ಸರಿ. ನಿಮ್ಮ ಹೊಟ್ಟೆ ನಿಜವಾಗ್ಲೂ ಕರಗಿದೆ. ಅಭಿನಂದನೆ."

ಸಾಹೇಬರ ಮುಖ ಅರಳಿತು. "ಹಾಗಾದ್ರೆ ನಾನು ಪಾಸು ಸಾರ್! ಜೀಪು..."

"ಎಲ್ಲಿಯ ಜೀಪು? ಫಲಿತಾಂಶ ಬೇಡ ಅಂತ ನೀವೇ ಬರೆದು ಕೊಟ್ಟಿದೀರಿ. ಮೂರು ಪ್ರತಿ. ಸ್ವಸ್ಥ ಚಿತ್ತದಿಂದ. ಇನ್ನು ಮುಂದಿನ ತಂಡದಲ್ಲೇ. ಅದಿನ್ನು ಮೂರು ತಿಂಗಳಾದ್ಮೇಲೆ." ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಂಡರು. "ಅಲ್ಲೀತನಕ ಗೋದಾಮು ನೋಡ್ಕೊಳ್ಳಿ. ಹಾಂ, ಸುಳ್ಳು ಅಳತೆ ಚೀಟಿಯ ವಸ್ತು ಇಲಾಖೆಯ ಮೇಜಿನ ಮೇಲೆ ಬಂದಿದೆ. ಏನ್ಮಾಡ್ಬೇಕು ಅಂತ ನಿಮಗೆ ಹೇಳ್ಬೇಕಾಗಿಲ್ಲ."

ಸಾಹೇಬರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟವೆಲಿನಲ್ಲೇ ಕೂತು, ಹಲ್ಲು ಕಡಿಯುತ್ತ, ತಮ್ಮ ಪ್ಯಾಂಟನ್ನು ತಾವೇ ಜಪ್ತಿ ಮಾಡಿ ವರದಿ ಬರೆದರು. ಮೇಡಂ ಕೊಟ್ಟ ಎಲಾಸ್ಟಿಕ್ಕಿನ ಪ್ಯಾಂಟು ಹಾಕಿಕೊಂಡು ಮನೆಗೆ ಬಂದರು. ಎಲಾಸ್ಟಿಕ್ಕು! ಯಾರು ಹಾಕಿದರೂ ಹೂಂ ಎನ್ನುವ, ಅಳತೆಯೇ ಇಲ್ಲದ ವಸ್ತು. ಅವರ ಜನ್ಮದಲ್ಲಿ ಅಂಥದ್ದನ್ನು ಮೈಗೆ ಸೋಕಿಸಿರಲಿಲ್ಲ.

"ಎಷ್ಟು ವರ್ಷದಿಂದ?" ಬಾಗಿಲಲ್ಲೇ ಗುಡುಗಿದರು.

ಹೆಂಡತಿ ಎಲಾಸ್ಟಿಕ್ಕನ್ನು ನೋಡಿದ್ದೇ ಎಲ್ಲ ತಿಳಿದುಕೊಂಡಳು. ಯಂತ್ರ ನಿಲ್ಲಿಸಿದಳು. "ಹತ್ತೊಂಬತ್ತು."

"ಹತ್ತೊಂಬತ್ತು ವರ್ಷ ನನ್ನ ಸೊಂಟಕ್ಕೇ ಕಳ್ಳ ಚೀಟಿ! ಊರಿಗೆಲ್ಲ ಮುದ್ರೆ ಹಾಕೋನ ಮನೇಲಿ! ಇದಕ್ಕೆ ಕೇಸ್ ಹಾಕ್ಬೇಕು ಗೊತ್ತಾ ನಿನಗೆ?"

"ಹಾಕಿ! ಯಾರು ಬೇಡ ಅಂದ್ರು?" ಈಗ ಅವಳ ಮೂಗಿನ ತುದಿಯೂ ಕೆಂಪಾಯಿತು. "ಮದುವೆಯಾದ ಮೂರನೇ ವರ್ಷ ಒಂದಿನ ಗುಂಡಿ ಹತ್ಲಿಲ್ಲ ಅಂತ ಎರಡು ದಿನ ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ರಿ, ನೆನಪಿದ್ಯಾ? ನೋಡಕ್ಕಾಗದೆ ಅರ್ಧ ಇಂಚು ಬಿಚ್ಚಿ ಹೊಲಿದಿಟ್ಟೆ. ಮರುದಿನ ಹಾಕ್ಕೊಂಡು ಏನಂದ್ರಿ? 'ನೋಡು, ಮನಸ್ಸಿನ ಬಲ ಅಂದ್ರೆ ಇದು' ಅಂದ್ರಿ. ನಾನೇನು ಹೇಳ್ಲಿ ಆಗ? ಆ ಮುಖ ನೋಡಿ ಬಾಯೇ ಬರ್ಲಿಲ್ಲ ನನಗೆ."

"ಅದಕ್ಕೆ ಸುಳ್ಳು ಬರೀತಾ ಹೋದ್ಯಾ?"

"ಬರೆಯೋದ್ರಲ್ಲಿ ನಾನು ಯಾವತ್ತೂ ಸುಳ್ಳು ಬರೆದಿಲ್ಲ!" ಎಂದು ಅವಳು ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ನಮ್ಮ ಕೆಲಸದಲ್ಲಿ ಬಾಯಲ್ಲಿ ಹೇಳೋ ಅಳತೆ ಬೇರೆ, ಕತ್ತರಿಗೆ ಹೇಳೋ ಅಳತೆ ಬೇರೆ. ಯಾವ ಗಿರಾಕಿಗಾದ್ರೂ ದಪ್ಪ ಆಗಿದೀರಿ ಅಂತ ಮುಖಕ್ಕೆ ಹೇಳಿದ್ರೆ ಮತ್ತೆ ಬರ್ತಾರಾ? 'ಹಾಗೇ ಇದೀರಿ' ಅಂತೀವಿ, ಪುಸ್ತಕದಲ್ಲಿ ಇದ್ದಿದ್ದು ಬರ್ಕೊಂಡು ಕತ್ತರಿಸ್ತೀವಿ. ನೋಡಿ, ಓದಿ!"

ಸಾಹೇಬರು ಓದಿದರು. ಅವರಿಗೆಂದೇ ಒಂದಿಡೀ ಹಾಳೆ. ಮೂವತ್ನಾಲ್ಕು, ಮೂವತ್ನಾಲ್ಕೂವರೆ, ಮೂವತ್ತೈದು. ಮಗಳು ಹುಟ್ಟಿದ ವರ್ಷ ಮೂವತ್ತಾರು. ಜೀಪು ಸಿಕ್ಕ ವರ್ಷ ಒಂದೇ ಏಟಿಗೆ ಮೂವತ್ತೆಂಟು. ಹಾಗೇ ನಲವತ್ತೊಂದು. ಅದರ ಕೆಳಗೆ ಕಳೆದ ಹನ್ನೆರಡು ವಾರ, ತಾರೀಖಿನ ಸಮೇತ, ಕಾಲು ಕಾಲು ಇಂಚಿನಂತೆ ಇಳಿಯುತ್ತ ಮೂವತ್ತೆಂಟು. ಶಿಳ್ಳೆ ಮೇಡಂ ಅಳೆದದ್ದು ಮೂರೇ ಸಲ. ಇಲ್ಲಿ ಒಂದು ವಾರವೂ ತಪ್ಪಿರಲಿಲ್ಲ.

"ಪ್ರತಿ ಭಾನುವಾರ ಒಗೆದ ಮೇಲೆ ಕಾಲಿಂಚು ಒಳಗೆ ಹಿಡಿದೆ. ಸಡಿಲ ಬಿಟ್ರೆ ಅಂಗಳದಲ್ಲಿ ಓಡುವಾಗ ಜಾರಿ ಬಿದ್ದು ಮಾನ ಹೋಗ್ಬಾರ್ದಲ್ಲ ಅಂತ" ಎಂದಳು ಹೆಂಡತಿ. ದನಿ ಸ್ವಲ್ಪ ಇಳಿದಿತ್ತು. "ಅದೇ ನಿಮ್ಮ ಜೀಪಿಗೆ ಮುಳುವಾಗುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

"ಟೇಪಿಲ್ಲದೆ ಹೇಗೆ ಅಳೀತಿದ್ದೆ?"

ಅವಳು ಎರಡು ಬೆರಳು ತೋರಿಸಿದಳು.

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಕೇಸು, ಚೀಟಿ, ಜೀಪು ಎಲ್ಲ ಒಂದು ಕ್ಷಣ ಮರೆತುಹೋಯಿತು. "ಅದು... ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ ಕಣೇ."

"ಪ್ರೀತಿ ಅಲ್ದೆ ಇನ್ನೇನ್ರೀ ಅದು?" ಎಂದು ಅವಳು ಸಿಟ್ಟಿನಿಂದಲೇ ಕಣ್ಣೊರೆಸಿಕೊಂಡಳು. "ಪುಕ್ಕಟೆ ಹೊಲಿಗೆ ಬೇರೆ."

ಕೇಸು ಏನಾಯಿತು ಎಂದು ಕೇಳಬೇಡಿ. ಪ್ಯಾಂಟು ತಯಾರಿಸಿದವರ ವಿಳಾಸದ ಕಾಲಂನಲ್ಲಿ ಸಾಹೇಬರು "ವಿಚಾರಣೆ ನಡೆಯುತ್ತಿದೆ" ಎಂದು ಬರೆದರು. ಮೂರು ತಿಂಗಳಾದರೂ ವಿಚಾರಣೆ ನಡೆಯುತ್ತಲೇ ಇತ್ತು. ಅವರು ಗೋದಾಮಿನ ಕುಂಟು ಕುರ್ಚಿಯಲ್ಲಿ ಕೂತು, ಎದುರಿನ ಕಪಾಟಿನಲ್ಲಿ ಟೊಳ್ಳು ಕಲ್ಲುಗಳ ಪಕ್ಕ ಮಡಿಸಿಟ್ಟ ತಮ್ಮದೇ ಪ್ಯಾಂಟಿಗೆ ಬೆಳಗಿನಿಂದ ಸಂಜೆಯವರೆಗೆ ಕಾವಲಿದ್ದರು. ಹೊರಗೆ ಜೀಪು ಹೊರಡುವ ಸದ್ದು ಕೇಳಿದಾಗಲೆಲ್ಲ ಮೈ ಉರಿದು ಒಂದು ಚಹಾ ತರಿಸಿ ಕುಡಿಯುತ್ತಿದ್ದರು. ಜೀಪು ದಿನಕ್ಕೆ ಆರೇಳು ಸಲ ಹೊರಡುತ್ತಿತ್ತು. ಚಹಾಕ್ಕೆ ಸಕ್ಕರೆಯೂ ಮರಳಿ ಬಂದಿತ್ತು.

ಮನೆಯಲ್ಲಿ ಮಾತ್ರ ಹೊಸ ಶಾಸನ ಜಾರಿಯಾಗಿತ್ತು. ಇನ್ನು ಮೇಲೆ ಚೀಟಿಯಲ್ಲಿ ಸತ್ಯವೇ ಇರಬೇಕು. ಸಾಹೇಬರೇ ನಿಂತು ಎಲ್ಲ ಪ್ಯಾಂಟುಗಳ ಮೂವತ್ನಾಲ್ಕನ್ನು ಕಿತ್ತುಹಾಕಿಸಿ, ಮೂವತ್ತೆಂಟು ಹಾಕಿಸಿದರು. ಹೆಂಡತಿ ಹೇಳಿದ ಹಾಗೇ ಹಾಕಿದಳು. ಅಂದಿನಿಂದ ಪ್ಯಾಂಟು ಹಾಕಿಕೊಳ್ಳುವಾಗಲೆಲ್ಲ ಅವರು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಬೆನ್ನು ಬಾಗಿತು, ನಡಿಗೆ ನಿಧಾನವಾಯಿತು. ಊಟದ ಬಿಡುವಿನ ಉಪದೇಶಗಳು ನಿಂತೇಹೋದವು.

ಹೊಸ ತಂಡದ ತರಬೇತಿ ಶುರುವಾಗುವ ಹಿಂದಿನ ದಿನ ಸಂಜೆ ಹೆಂಡತಿ ಅವರಿಗೆಂದು ಹೊಸ ಪ್ಯಾಂಟು ಮುಗಿಸುತ್ತಿದ್ದಳು. ಸಾಹೇಬರು ಬಂದು ಬಾಗಿಲಿಗೆ ಒರಗಿ ನಿಂತರು. ಮಗಳು ಒಳಗಿದ್ದಾಳೆಯೇ ನೋಡಿದರು. ಬೀದಿಯ ಕಡೆ ನೋಡಿದರು. ಎರಡು ಸಲ ಕೆಮ್ಮಿದರು.

"ಏನ್ರೀ?"

"ಏನಿಲ್ಲ... ಆ ಚೀಟಿ..."

"ಹೂಂ?"

"ನಾಳೆ ಓಡ್ಬೇಕು. ಬಗ್ಬೇಕು. ಮನಸ್ಸಿಗೆ ಸ್ವಲ್ಪ ಬಲ ಬೇಕಲ್ವಾ." ಅವರ ದನಿ ತೀರಾ ಇಳಿಯಿತು. "ನೀನು ಆ ಹಳೇದನ್ನೇ... ಒಳಗಡೆ ತಾನೇ ಇರೋದು, ಯಾರಿಗೆ ಕಾಣುತ್ತೆ... ಮೂವತ್ನಾಲ್ಕೇ ಹಾಕ್ಬಿಡೇ."

ಹೆಂಡತಿ ದಾರ ಕಚ್ಚಿ ತುಂಡರಿಸಿ, ಪ್ಯಾಂಟಿನ ಪಟ್ಟಿಯನ್ನು ಮಗುಚಿ ಅವರ ಮುಂದೆ ಹಿಡಿದಳು.

"ಬೆಳಗ್ಗೆಯೇ ಹಾಕಿದೀನಿ ಬನ್ನಿ" ಎಂದು, ಸಾಹೇಬರ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ತೂರಿಸಲು ನೋಡಿದಳು. ಎರಡನೇ ಬೆರಳು ಒಳಗೆ ಹೋಗಲಿಲ್ಲ.

"ಹಾಗೇ ಇದೀರಿ" ಎಂದಳು.